ಯಾವ ಬೊಕ್ಕೆರಿನಿ ಅಸಲಿ?

ಪತ್ರ: ಇಂಗ್ಲೆಂಡಿನ ವಾದಕಿ ಜಾಕ್ವೆಲಿನ್ ದು ಪ್ರೆ ನುಡಿಸಿದ, 18ನೇ ಶತಮಾನದ ಸಂಗೀತಕಾರ ಬೊಕ್ಕೆರಿನಿಯ ಬಿ ಫ್ಲಾಟ್ ಚೆಲ್ಲೊ ಕಾನ್ಸರ್ಟೊವನ್ನು (ಚೆಲ್ಲೊ ಎಂಬ ದೊಡ್ಡ ಪಿಟೀಲಿಗೆ ಆರ್ಕೆಸ್ಟ್ರಾ ಜೊತೆಗೂಡುವ ಕೃತಿ) ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಮೊನ್ನೆ ಮಗಳು ಬೇರೆಯವರು ನುಡಿಸಿದ್ದನ್ನು ಹಾಕಿದಳು. ಹೆಸರು ಅದೇ, ನಡುವಿನ ಭಾಗವೇ ಬೇರೆ! ನನ್ನ ಅಡಾಜಿಯೊ, ಆ ನಿಧಾನಗತಿಯ ಭಾಗ, ಎಲ್ಲಿ? ಈಗಿನವರು ಹೀಗೆ ಮನಬಂದಂತೆ ಬದಲಿಸಬಹುದೆ?
– ಒಬ್ಬ ನಿವೃತ್ತ ಮೇಷ್ಟ್ರು, ಧಾರವಾಡ

ಉತ್ತರ: ಮೇಷ್ಟ್ರೇ, ನಿಮ್ಮ ಕಿವಿಗೆ ಶರಣು. ಸಿಟ್ಟು ಮಾತ್ರ ತಪ್ಪು ವಿಳಾಸಕ್ಕೆ ಹೋಗಿದೆ. ಬದಲಿಸಿದವರು ಈಗಿನವರಲ್ಲ, ಹಿಂದಿನವರು.

ಡ್ರೆಸ್ಡೆನ್‌ನ ಚೆಲ್ಲೊ ವಾದಕ ಗ್ರುಟ್ಸ್‌ಮಾಖರ್ 1895ರಲ್ಲಿ ಈ ಕೃತಿಯನ್ನು ಅಚ್ಚು ಹಾಕಿಸಿದ. ಅದಕ್ಕೆ ಮುಂಚೆ ಬೊಕ್ಕೆರಿನಿಯದೇ ಬೇರೆ ಕಾನ್ಸರ್ಟೊಗಳಿಂದ ತುಂಡು ಕತ್ತರಿಸಿ ತಂದು ಇದಕ್ಕೆ ಹೊಲಿದ. ನಡುವಿನ ಭಾಗವನ್ನಂತೂ ಬುಡಸಮೇತ ಕಿತ್ತು, ಜಿ ಮೇಜರ್ ಕಾನ್ಸರ್ಟೊದ ಅಡಾಜಿಯೊವನ್ನು ಅಲ್ಲಿ ಕೂರಿಸಿದ. ನೀವು ಮೂವತ್ತು ವರ್ಷ ಕಣ್ಣು ಒದ್ದೆ ಮಾಡಿಕೊಂಡಿದ್ದು ಅದಕ್ಕೇ. 1967ರಲ್ಲಿ ದು ಪ್ರೆ ನುಡಿಸಿದ್ದೂ ಅವನು ಹೊಲಿದ ಆ ಪಾಠವನ್ನೇ.

ಆ ಮನುಷ್ಯ ಕೈ ಹಾಕದಿದ್ದರೆ ಕೃತಿ ಕಪಾಟಿನಲ್ಲೇ ಇರುತ್ತಿತ್ತು ಅನ್ನುತ್ತಾರೆ. ಸರಿ, ಒಂದು ನಮಸ್ಕಾರ. ಆದರೆ ಬೊಕ್ಕೆರಿನಿ ಏನು ಚೆಲ್ಲೊ ಗೊತ್ತಿಲ್ಲದವನೆ? ಇಟಲಿಯ ಲುಕ್ಕಾದಲ್ಲಿ ಹುಟ್ಟಿ ಸ್ಪೇನಿನಲ್ಲಿ ಬಾಳಿದ ಆತ ಸ್ವತಃ ದೊಡ್ಡ ವಾದಕ. ಹೆಬ್ಬೆರಳನ್ನು ತಂತಿಗೆ ಅಡ್ಡ ಊರಿ, ಚೆಲ್ಲೊವನ್ನು ಪಿಟೀಲಿನ ಎತ್ತರಕ್ಕೆ ಹತ್ತಿಸುತ್ತಿದ್ದವನು. ನಡುಭಾಗಕ್ಕೆ ಅವನು ಬರೆದ, ತುಸು ಚುರುಕು ನಡೆಯ ಆಂಡಾಂಟಿನೊ ಅಳುವುದಿಲ್ಲ, ಸಂಜೆ ಜಗಲಿಯಲ್ಲಿ ಕೂತು ಮಾತಾಡಿದ ಹಾಗೆ ಸಾಗುತ್ತದೆ. 19ನೇ ಶತಮಾನದವರಿಗೆ ಅಳು ಬೇಕಿತ್ತು, ಹಾಕಿಕೊಂಡರು.

ಆಸ್ಟ್ರಿಯದ ಸಂಗೀತಕಾರ ಹೈಡನ್ನನ ಡಿ ಮೇಜರ್ ಚೆಲ್ಲೊ ಕಾನ್ಸರ್ಟೊಗೂ ಇದೇ ಗತಿ. 1783ರಲ್ಲಿ ಅವನು ಬರೆದಿದ್ದು ತಂತಿವಾದ್ಯಗಳ ಜೊತೆ ಊದುವ ವಾದ್ಯಗಳಾದ ಎರಡು ಒಬೊ, ಎರಡು ಹಾರ್ನ್‌ಗಳಿಗೆ. 1890ರಲ್ಲಿ ಬೆಲ್ಜಿಯಮ್ಮಿನ ಸಂಗೀತಕಾರ ಗೆವಾರ್ಟ್ ಕೊಳಲು, ಕ್ಲಾರಿನೆಟ್ ಎಲ್ಲ ತುರುಕಿದ. ಸಾಲದ್ದಕ್ಕೆ ಕೃತಿಯೇ ಹೈಡನ್ನನದಲ್ಲ, ಅವನ ಶಿಷ್ಯ ಕ್ರಾಫ್ಟ್‌ನದು ಎಂಬ ಪುಕಾರು ಬೇರೆ. ಅದು ಅಡಗಿದ್ದು ಹೈಡನ್ನನ ಕೈಬರಹ ಸಿಕ್ಕಮೇಲೆ.

ನನಗೇಕೆ ಇಷ್ಟು ಉರಿ ಅಂತೀರಾ? ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಪತ್ರಿಕೆಗೆ ಪದ್ಯ ಕಳಿಸಿದ್ದೆ. ಕೊನೆಯ ಸಾಲು ಬದಲಾಗಿ ಅಚ್ಚಾಯಿತು. ಸಿಕ್ಕಸಿಕ್ಕವರೆಲ್ಲ ಹೊಗಳಿದ್ದು ಆ ಸಾಲನ್ನೇ! ಈಗಲೂ ಅಂಗಡಿಯಲ್ಲಿ 'ಪರಿಷ್ಕೃತ ಆವೃತ್ತಿ' ಎಂದು ಕಂಡರೆ, ಏನು ಪರಿಷ್ಕರಿಸಿದಿರಿ ಎಂದು ಮೊದಲ ಪುಟದಲ್ಲಿ ಹುಡುಕುತ್ತೇನೆ. ಹತ್ತರಲ್ಲಿ ಒಂಬತ್ತು ಹೇಳಿರುವುದಿಲ್ಲ.

ನೀವು ಒಂದು ಕೆಲಸ ಮಾಡಿ. ಸ್ಪೇನಿನ ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ 1936ರಲ್ಲಿ ಗ್ರುಟ್ಸ್‌ಮಾಖರ್ ಪಾಠವನ್ನೇ ನುಡಿಸಿ ರೆಕಾರ್ಡು ಕೊಟ್ಟವರು. 1960ರಲ್ಲಿ ಫ್ರಾನ್ಸಿನ ಚೆಲ್ಲೊ ವಾದಕ ಮಾರೀಸ್ ಜಾಂದ್ರೊ ಮೂಲಪಾಠ ನುಡಿಸುವಾಗ ಆರ್ಕೆಸ್ಟ್ರಾ ನಡೆಸಿದ್ದೂ ಅದೇ ಕಸಾಲ್ಸ್, ಎಂಬತ್ತು ದಾಟಿದ ಮೇಲೆ! ಮೇಷ್ಟ್ರಿಗೆ ಅಷ್ಟೇನೂ ವಯಸ್ಸಾಗಿರಲಿಕ್ಕಿಲ್ಲ. ಆ ರೆಕಾರ್ಡಿನ ನಡುಭಾಗವನ್ನು ಮೂರು ಸಲ ಕೇಳಿ, ಆಮೇಲೆ ಬರೆಯಿರಿ.

ಅಂದಹಾಗೆ, ನಿಮ್ಮ ಪತ್ರ ನಾಲ್ಕು ಪುಟವಿತ್ತು. ಮೇಲಿರುವುದು ನಾನು ತಿದ್ದಿದ ಪಾಠ.