ಈಗಿಲ್ಲದ ಐಸ್ ಹಾಕಿ ತಂಡಗಳ ಹಳೇ ಜೆರ್ಸಿ ಅಸಲಿಯೋ ನಕಲಿಯೋ ಅಂತ ಹೇಗೆ ಗೊತ್ತಾಗುತ್ತೆ?

ನಿಮ್ಮ ಪ್ರಶ್ನೆ ಇಷ್ಟು: ಹಾರ್ಟ್‌ಫರ್ಡ್ ವೇಲರ್ಸ್ ತಂಡದ ಹಸಿರು ಜೆರ್ಸಿಯೊಂದು ಮಾರಾಟಕ್ಕಿದೆ, ಆ ತಂಡದ ಹೆಸರಾಂತ ಆಟಗಾರ ರಾನ್ ಫ್ರಾನ್ಸಿಸ್ ಪಂದ್ಯದಲ್ಲಿ ತೊಟ್ಟಿದ್ದು ಅಂತ ಮಾರುವವರು ಬರೆದಿದ್ದಾರೆ, ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 75ನೇ ವರ್ಷದ ಪ್ಯಾಚ್ ಕೂಡ ಇದೆ, ತಗೋಬಹುದಾ?

ಬೇಡ. ವೇಲರ್ಸ್‌ನವರು ಫ್ರಾನ್ಸಿಸ್ ಅವರನ್ನ 1991ರ ಮಾರ್ಚ್‌ನಲ್ಲೇ ಪಿಟ್ಸ್‌ಬರ್ಗ್ ತಂಡಕ್ಕೆ ಕೊಟ್ಟುಬಿಟ್ಟಿದ್ದರು. ಆ ಪ್ಯಾಚನ್ನ ತಂಡಗಳು ಹಾಕಿಕೊಂಡಿದ್ದು 1991–92ರ ಸೀಸನ್‌ನಲ್ಲಿ. ಹಾಗಾಗಿ ಆ ಪ್ಯಾಚ್ ಇರೋ ವೇಲರ್ಸ್ ಜೆರ್ಸಿಯನ್ನ ಅವರು ತೊಟ್ಟಿರೋಕೆ ಸಾಧ್ಯವೇ ಇಲ್ಲ. ಹಾಗಂತ ಅಂಗಿಯೇ ನಕಲಿ ಅಂತಲೂ ಹೇಳೋಕಾಗಲ್ಲ. ಬೇರೆ ಯಾರೋ ಸಾಮಾನ್ಯ ಆಟಗಾರ ತೊಟ್ಟ ಅಸಲಿ ಜೆರ್ಸಿಗೆ ಆಮೇಲೆ ದೊಡ್ಡ ಹೆಸರು ಹೊಲಿದು ಬೆಲೆ ಏರಿಸಿರಬಹುದು. ಈ ಹವ್ಯಾಸದಲ್ಲಿ ಮೋಸ ಹೆಚ್ಚಾಗಿ ನಡೆಯೋದು ಹೀಗೇ.

ನಾನಿರೋದು ಕನೆಕ್ಟಿಕಟ್‌ನಲ್ಲಿ, ಹಾರ್ಟ್‌ಫರ್ಡ್ ಪಕ್ಕ. ನಾನು ಇಲ್ಲಿಗೆ ಬರುವಷ್ಟರಲ್ಲಿ ತಂಡ ಊರು ಬಿಟ್ಟು ಎಷ್ಟೋ ವರ್ಷ ಆಗಿತ್ತು, ಆದ್ರೂ ಅಂಗಡಿಗೆ ಹೋದರೆ ವೇಲರ್ಸ್ ಟೋಪಿ ಹಾಕಿದವರು ಒಬ್ಬರಾದ್ರೂ ಸಿಗುತ್ತಿದ್ದರು. ತಂಡ ಶುರುವಾಗಿದ್ದು 1972ರಲ್ಲಿ, ಎನ್‌ಎಚ್‌ಎಲ್‌ಗೆ ಎದುರಾಳಿಯಾಗಿ ಹುಟ್ಟಿದ ಡಬ್ಲ್ಯುಎಚ್‌ಎ ಅನ್ನೋ ಲೀಗ್‌ನಲ್ಲಿ. ಆ ಲೀಗ್ 1979ರಲ್ಲಿ ಮುಚ್ಚಿದಾಗ ವೇಲರ್ಸ್, ಎಡ್ಮಂಟನ್, ವಿನ್ನಿಪೆಗ್, ಕ್ವಿಬೆಕ್ ಈ ನಾಲ್ಕು ತಂಡಗಳು ಎನ್‌ಎಚ್‌ಎಲ್ ಸೇರಿದವು. ಆ ಮೊದಲ ಸೀಸನ್‌ನಲ್ಲಿ ವೇಲರ್ಸ್ ಪರ ಹಾಕಿಯ ದಿಗ್ಗಜ ಗಾರ್ಡಿ ಹೋವ್ 52ರ ಹತ್ತಿರದ ವಯಸ್ಸಲ್ಲಿ ಒಂದೂ ತಪ್ಪಿಸದೆ 80 ಪಂದ್ಯ ಆಡಿದರು. 1997ರ ಏಪ್ರಿಲ್ 13ಕ್ಕೆ ಟ್ಯಾಂಪಾ ಬೇ ವಿರುದ್ಧ 2–1ರಲ್ಲಿ ಗೆದ್ದು, ತಂಡ ಕ್ಯಾರೊಲೈನಾಗೆ ಹೋಯಿತು. ಉಳಿದಿದ್ದು ಪೀಟರ್ ಗುಡ್ ಬರೆದ ಲಾಂಛನ: ಕೆಳಗೆ ಡಬ್ಲ್ಯು, ಮೇಲೆ ತಿಮಿಂಗಿಲದ ಬಾಲ, ನಡುವಿನ ಖಾಲಿ ಜಾಗದಲ್ಲಿ ಎಚ್. ಅರ್ಧ ಜನ ಈ ಜೆರ್ಸಿಗೆ ಬೀಳೋದೇ ಆ ಲಾಂಛನಕ್ಕೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ಈಗ ಅಂಗಿಯ ವಿಷಯ. ಆ ಕಾಲದಲ್ಲಿ ಜೆರ್ಸಿಯನ್ನ ಯಾರೂ ಅಪರೂಪದ ವಸ್ತು ಅಂತ ನೋಡುತ್ತಿರಲಿಲ್ಲ. ಆಟಗಾರ ಹೋದರೆ ಹೆಸರಿನ ಪಟ್ಟಿ ಬಿಚ್ಚಿ ಇನ್ನೊಬ್ಬನದು ಹೊಲಿಯೋದು, ಸವೆದ ಮೇಲೆ ಅಭ್ಯಾಸಕ್ಕೋ ಕೆಳಗಿನ ಲೀಗ್‌ನ ತಂಡಕ್ಕೋ ಕೊಡೋದು ಮಾಮೂಲಿ. ಆದ್ದರಿಂದ ಮೊದಲು ಜೆರ್ಸಿಯನ್ನ ತಿರುವಿ ಒಳಗಡೆ ನೋಡಿ. ಪಟ್ಟಿ ಬದಲಾಗಿದ್ದರೆ ಹಳೇ ಸೂಜಿ ತೂತುಗಳು ಸಾಲಾಗಿ ಕಾಣುತ್ತವೆ, ಪಟ್ಟಿಯ ಅಡಿ ಮುಚ್ಚಿದ್ದ ಬಟ್ಟೆ ಸುತ್ತಲಿನದಕ್ಕಿಂತ ಗಾಢವಾಗಿರುತ್ತೆ. ಹೆಸರನ್ನ ಮತ್ತೆ ಕೂರಿಸಿದ್ದೀವಿ ಅಂತ ಪ್ರಾಮಾಣಿಕ ವ್ಯಾಪಾರಿ ತಾನೇ ಹೇಳುತ್ತಾನೆ. ನನ್ನ ಕೇಳಿದರೆ ಹಾಗೆ ಕೂರಿಸೋದೇ ತಪ್ಪು. ಯಾರಿಗೂ ಗೊತ್ತಿಲ್ಲದ ಆಟಗಾರನ ಹೆಸರು ಹಾಗೇ ಇರೋ ಅಂಗಿಯೇ ನನಗಿಷ್ಟ, ಬೆಲೆಯೂ ಕಮ್ಮಿ.

ಆಮೇಲೆ ಸವೆತ. ಅಂಗಳದ ಸುತ್ತಲಿನ ಗೋಡೆಗೆ (ಬೋರ್ಡ್) ಉಜ್ಜಿ ಬಂದ ಬಣ್ಣದ ಗೆರೆ, ಪಕ್ (ಚೆಂಡಿನ ಬದಲು ಬಳಸೋ ರಬ್ಬರ್ ಬಿಲ್ಲೆ) ತಗುಲಿದ ಕಪ್ಪು ಕಲೆ, ಕೋಲು ತಾಗಿ ಹರಿದಲ್ಲಿ ತಂಡದವರೇ ಹಾಕಿದ ಒರಟು ಹೊಲಿಗೆ ಇವೆಲ್ಲ ಅಂಗಿಯ ಒಂದೊಂದು ಕಡೆ ಒಂದೊಂದು ಥರ ಇರುತ್ತವೆ. ಎರಡೂ ಮೊಣಕೈ ಒಂದೇ ಸಮ ಸವೆದಿದ್ದರೆ ಯಾರೋ ಮರಳು ಕಾಗದ ಉಜ್ಜಿದ್ದಾರೆ ಅಂತ ಅನುಮಾನ ಪಡಿ. ಸೀಸನ್ ಪೂರ್ತಿ ಒಗೆಸಿಕೊಂಡ ಜೆರ್ಸಿಯಲ್ಲಿ ನಂಬರ್‌ಗಳ ಅಂಚು ಸ್ವಲ್ಪ ಸುಕ್ಕುಗಟ್ಟಿರುತ್ತೆ, ಇದನ್ನ ನಕಲು ಮಾಡೋದು ಕಷ್ಟ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಫೋಟೋ. ಜಾಲರಿ ಬಟ್ಟೆಯ ಜೆರ್ಸಿ ಆದರೆ ನಂಬರ್‌ನ ಮೂಲೆ ಯಾವ ತೂತಿನ ಮೇಲೆ ಕೂತಿದೆ, ಕಾಲರ್‌ನಿಂದ ಲಾಂಛನಕ್ಕೆ ಎಷ್ಟು ತೂತು ಅಂತ ಎಣಿಸಿ, ಆ ಸೀಸನ್‌ನ ಪತ್ರಿಕಾ ಚಿತ್ರಗಳ ಜೊತೆ ಹೋಲಿಸಿ. ಒಂದೊಂದನ್ನೂ ಬೇರೆಬೇರೆಯಾಗಿ ಹೊಲಿದಿರೋದರಿಂದ ಎರಡು ಅಂಗಿ ಅಷ್ಟು ಕರಾರುವಾಕ್ಕಾಗಿ ಹೊಂದೋದು ಅಪರೂಪ. ನಾನು ಭೂತಗನ್ನಡಿ ಹಿಡಿದು ಎಣಿಸ್ತಾ ಕೂತಿದ್ದಾಗ ಅಮ್ಮ ಬಂದು, "ಬೇರೆಯವರ ಬೆವರಿನ ಅಂಗಿಗೆ ಇಷ್ಟು ದುಡ್ಡು ಸುರಿದ್ಯಾ, ಒಗೆದಾದ್ರೂ ಇಡು" ಅಂದಿದ್ದರು. ಒಗೀಬೇಡಿ! ಕಲೆ ಹೋದರೆ ಸಾಕ್ಷಿಯೂ ಹೋಯಿತು.

ಬಣ್ಣವೂ ಕಾಲ ಹೇಳುತ್ತೆ. 1992ರಿಂದ ಹೊರ ಊರಿನ ಪಂದ್ಯದ ಜೆರ್ಸಿ ಹಸಿರಿನ ಬದಲು ಕಡುನೀಲಿ ಆಯಿತು. ಇನ್ನೊಂದು, ಕ್ಯಾರೊಲೈನಾ ತಂಡ 2018ರ ಡಿಸೆಂಬರ್ 23ರಂದು ಹಳೇ ವೇಲರ್ಸ್ ಉಡುಪಿನಲ್ಲಿ ಆಡಿತ್ತು. ಆ ಅಂಗಿಗಳೂ ಪಂದ್ಯದಲ್ಲಿ ತೊಟ್ಟವೇ, ಆದ್ರೆ ಹಾರ್ಟ್‌ಫರ್ಡ್ ನೋಡಿದವಲ್ಲ. ಕಾಲರ್ ಹಿಂದೆ ಅಡಿಡಾಸ್ ಗುರುತು ಕಂಡರೆ ಅದು ಹೊಸ ಕಾಲದ್ದು.

ವೇಲರ್ಸ್ ಬಿಟ್ಟು ಡಬ್ಲ್ಯುಎಚ್‌ಎ ಕಡೆ ಹೋದರೆ ಇನ್ನೂ ಹುಷಾರಾಗಿರಿ. ಐಸ್ ಹಾಕಿಯ ಅತಿ ದೊಡ್ಡ ಹೆಸರುಗಳಲ್ಲೊಂದಾದ ಗ್ರೆಟ್ಸ್ಕಿ 17ನೇ ವಯಸ್ಸಲ್ಲಿ ಇಂಡಿಯನಾಪೊಲಿಸ್ ರೇಸರ್ಸ್‌ಗೆ ಆಡಿದ್ದು ಬರೀ 8 ಪಂದ್ಯ, ಅವರ ಅಂಗಿ ಅಗ್ಗಕ್ಕೆ ಬಂತು ಅಂದರೆ ಕಿವಿಗೇ ಹಾಕ್ಕೋಬೇಡಿ.

ನೀವು ನೋಡಿರೋ ಜೆರ್ಸಿ ಬೇಕೇ ಬೇಕು ಅನ್ನಿಸಿದರೆ, ಬೆನ್ನಿನ ಒಳಭಾಗದ ಫೋಟೋ ಕೇಳಿ. ಹಿಂದಿನ ಹೆಸರೂ ನಂಬರೂ ಗೊತ್ತಾದರೆ ಆ ಆಟಗಾರನ ಜೆರ್ಸಿಯ ಬೆಲೆ ಎಷ್ಟೋ ಅಷ್ಟಕ್ಕೆ ಕೇಳಿ ನೋಡಿ, ಫ್ರಾನ್ಸಿಸ್ ಬೆಲೆಗಂತೂ ಒಪ್ಪಬೇಡಿ.