ಅಲ್ಬೇನಿಯಾದಲ್ಲಿ ತಲೆಯಾಡಿಸಿದರೆ ‘ಇಲ್ಲ’ ಎಂದಲ್ಲ

ಅಲ್ಬೇನಿಯಾದ ಜಿರೋಕಾಸ್ತರ್ ಊರಿನಲ್ಲಿ ಬ್ಯುರೆಕ್ (ತೆಳು ಹಿಟ್ಟಿನ ಪದರಗಳೊಳಗೆ ಹೂರಣ ತುಂಬಿ ಬೇಯಿಸಿದ ತಿನಿಸು) ಕೊಳ್ಳುವಾಗ ‘ಮಾಂಸವಿದೆಯೇ’ ಎಂದು ಕೇಳಿದಿರಿ, ಅಂಗಡಿಯವರು ತಲೆಯನ್ನು ಅಡ್ಡಡ್ಡ ಆಡಿಸಿದರು, ಆದರೂ ಒಳಗೆ ಮಾಂಸವಿತ್ತು ಎಂದು ಬರೆದಿದ್ದೀರಿ. ಬಹುಶಃ ಅವರು ‘ಹೌದು’ ಎಂದೇ ಹೇಳಿದ್ದರು. ಅಲ್ಲಿ ತಲೆಯನ್ನು ಅಡ್ಡ ಆಡಿಸುವುದು ಸಾಂಪ್ರದಾಯಿಕವಾಗಿ ಒಪ್ಪಿಗೆಯ ಸೂಚನೆ, ಮೇಲಕ್ಕೆತ್ತುವುದು ನಿರಾಕರಣೆ. ಪ್ರವಾಸಿಗರೊಡನೆ ಒಡನಾಡುವವರು ಕೆಲವೊಮ್ಮೆ ಇದಕ್ಕೆ ವಿರುದ್ಧವಾಗಿಯೂ ಆಡಿಸುವುದರಿಂದ ಸನ್ನೆಯನ್ನು ನಂಬಬೇಡಿ. ನಮ್ಮವರ ತಲೆಯಾಟವಂತೂ ಅವರಿಗೆ ಇನ್ನಷ್ಟು ಗೊಂದಲ ತರುತ್ತದೆ.

ಮೊದಲು ‘ನುಕ್ ಹಾ ಮಿಶ್’, ಅಂದರೆ ‘ನಾನು ಮಾಂಸ ತಿನ್ನುವುದಿಲ್ಲ’ ಎಂದು ಸ್ಪಷ್ಟವಾಗಿ ತಿಳಿಸಿ. ಬಳಿಕ ತಿನಿಸನ್ನು ತೋರಿಸಿ ‘ಪಾ ಮಿಶ್?’ (ಮಾಂಸವಿಲ್ಲದ್ದೇ?) ಎಂದು ಕೇಳಿ, ‘ಪೋ’ (ಹೌದು) ಅಥವಾ ‘ಯೊ’ (ಅಲ್ಲ) ಎಂಬ ಉತ್ತರವನ್ನು ಬಾಯಿಂದಲೇ ಕೇಳಿಸಿಕೊಂಡ ಮೇಲೆಯೇ ಹಣ ಕೊಡಿ. ಬ್ಯುರೆಕ್‌ನಲ್ಲಿ ಪಾಲಕ್ ಅಥವಾ ಗಿಣ್ಣು (ಚೀಸ್) ತುಂಬಿದ ಬಗೆಗಳು ಸಾಮಾನ್ಯವಾಗಿ ಸಿಗುತ್ತವೆ. ಜಿರೋಕಾಸ್ತರ್ ಊರಿನದೇ ಆದ ಚಿಫ್ಚಿ ಎಂಬ ಉಂಡೆಗಳನ್ನು ಅನ್ನ, ಪುದೀನ ಮತ್ತು ಮೊಟ್ಟೆಯಿಂದ ಮಾಡುತ್ತಾರೆ. ಮೊಟ್ಟೆ ಆಗುವುದಾದರೆ ಅವನ್ನು ಖಂಡಿತ ತಿಂದು ನೋಡಿ. ದೊಣ್ಣೆಮೆಣಸು, ಟೊಮೆಟೊ, ಗಿಣ್ಣು ಬೇಯಿಸಿದ ಫರ್ಗೆಸ್‌ಗೆ ಕೆಲವೆಡೆ ಯಕೃತ್ತನ್ನು ಸೇರಿಸುವುದರಿಂದಲೂ, ಪಿಲಾಫನ್ನು (ಪಲಾವಿನಂಥ ಅನ್ನ) ಮಾಂಸದ ಸಾರಿನಲ್ಲಿ ಬೇಯಿಸಿರಬಹುದಾದ್ದರಿಂದಲೂ, ಈ ಎರಡರ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸಿರಿ.