ಕೈದೋಟದ ಕಾಕಾ: ಮೆಣಸಿನ ಸಸಿಯ ಎಲೆ ಬಿಳಿಚಿದರೆ

ಪ್ರಶ್ನೆ: ಕಾಕಾ ಅವರಿಗೆ ನಮಸ್ಕಾರ. ತವರಿನಿಂದ ತಂದ ಬ್ಯಾಡಗಿ ಡಬ್ಬಿ ಮೆಣಸಿನಕಾಯಿಯ ಬೀಜವನ್ನು ಪ್ರೊಟ್ರೇಯಲ್ಲಿ (ಸಸಿ ಎಬ್ಬಿಸುವ ಗುಳಿಗಳ ಟ್ರೇ) ತೆಂಗಿನ ನಾರಿನ ಪುಡಿ, ಎರೆಹುಳು ಗೊಬ್ಬರ ಬೆರೆಸಿ ಹಾಕಿದ್ದೆ. ಪಡಸಾಲೆಯಲ್ಲಿ ಎಲ್‌ಇಡಿ ಟ್ಯೂಬ್‌ಲೈಟಿನ ಕೆಳಗೆ ಸಸಿಗಳು ಚೆನ್ನಾಗಿಯೇ ಬಂದಿದ್ದವು. ಈಗ ಎಲೆಗಳ ಮೇಲೆ ಬಿಳಿಚಿದ ಮಚ್ಚೆಗಳಾಗಿವೆ. ಅಂಗಡಿಯವರು ಮೆಗ್ನೀಸಿಯಂ ಕೊರತೆ ಎಂದು ಎಪ್ಸಂ ಉಪ್ಪು ಕೊಟ್ಟಿದ್ದಾರೆ. ಪಕ್ಕದ ಮನೆಯವರು ನುಸಿ ಎನ್ನುತ್ತಾರೆ, ಬೇವಿನೆಣ್ಣೆ ಹೊಡೆಯಲು ಹೇಳುತ್ತಾರೆ. ಭಾನುವಾರ ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟದ್ದು ಬಿಟ್ಟರೆ ನಾನೇನೂ ಬದಲಿಸಿಲ್ಲ. ಫೋಟೊ ಕಳಿಸಿದ್ದೇನೆ.
— ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ತಂಗಿ, ಭಾನುವಾರದ ಮಾತನ್ನು ಹೋಗಲಿ ಬಿಡಿ ಎಂಬಂತೆ ಕೊನೆಗೆ ಬರೆದಿದ್ದೀರಿ. ಕಾರಣ ಇರುವುದೇ ಅಲ್ಲಿ. ನಿಮ್ಮ ಸಸಿಗಳಿಗೆ ಬಿಸಿಲು ಬಡಿದಿದೆ.

ಎರಡನೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಮೇಲಿನ ಎಲೆ ಕೆಳಗಿನದನ್ನು ಅರ್ಧ ಮುಚ್ಚಿಕೊಂಡಿದೆ. ಮುಚ್ಚಿದ ಭಾಗ ಹಸಿರಾಗಿಯೇ ಇದೆ. ತೆರೆದ ಭಾಗ ಮಾತ್ರ ಕಾಗದದಂತೆ ಒಣಗಿ ಬೆಳ್ಳಗಾಗಿದೆ. ನಡುವಿನ ಗೆರೆ ಮೇಲಿನ ಎಲೆಯ ಅಂಚನ್ನೇ ಹಿಡಿದು ಬರೆದಂತಿದೆ. ರೋಗವಾಗಲಿ ಕೊರತೆಯಾಗಲಿ ಹೀಗೆ ನೆರಳು ನೋಡಿಕೊಂಡು ಬರುವುದಿಲ್ಲ.

ಮನೆಯೊಳಗೆ ಬೆಳೆದ ಎಲೆ ತೆಳ್ಳಗಿರುತ್ತದೆ, ಅದರ ಮೇಲಿನ ಮೇಣದ ಪದರವೂ ಬಲಿತಿರುವುದಿಲ್ಲ. ಟ್ಯೂಬ್‌ಲೈಟಿನ ಬೆಳಕಿಗೆ ಒಗ್ಗಿದ ಅದನ್ನು ಮೇ ತಿಂಗಳ ಹುಬ್ಬಳ್ಳಿ ಬಿಸಿಲಿಗೆ, ಅದೂ ಕಾದ ಸ್ಲ್ಯಾಬಿನ ಮೇಲೆ ಕಪ್ಪು ಟ್ರೇಯಲ್ಲಿ ಇಟ್ಟರೆ ಎಲೆಯ ಹಸಿರೇ ಸುಟ್ಟುಹೋಗುತ್ತದೆ.

ಅಂಗಡಿಯವರ ಮಾತಿಗೆ ಬರೋಣ. ಮೆಗ್ನೀಸಿಯಂ ಕಡಿಮೆಯಾದರೆ ಮೊದಲು ಹಳೆಯ ಎಲೆಗಳಲ್ಲಿ, ನರಗಳು ಹಸಿರಾಗಿಯೇ ಉಳಿದು ನಡುವಿನ ಜಾಗ ನಿಧಾನವಾಗಿ ಹಳದಿಯಾಗುತ್ತದೆ. ಭಾನುವಾರ ಹಸಿರಿದ್ದದ್ದು ಮಂಗಳವಾರಕ್ಕೆ ಬೆಳ್ಳಗಾಗುವುದಿಲ್ಲ. ಉಪ್ಪಿನ ಪೊಟ್ಟಣ ಕಪಾಟಿನಲ್ಲೇ ಇರಲಿ. ಬುಡದ ಬೀಜದೆಲೆಗಳು ಹಳದಿಯಾಗಿ ಉದುರಿದರೂ ಗಾಬರಿ ಬೇಡ, ಅವುಗಳ ಕೆಲಸ ಮುಗಿದಿರುತ್ತದೆ.

ಪಕ್ಕದ ಮನೆಯವರ ಸಂಶಯವನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಮೆಣಸಿನಕಾಯಿಗೂ ನುಸಿಗೂ ಹಳೆಯ ನಂಟು. ಬಿಳಿ ಹಾಳೆಯ ಮೇಲೆ ಸಸಿಯನ್ನು ಬಾಗಿಸಿ ಮೆಲ್ಲಗೆ ತಟ್ಟಿ. ಬಿದ್ದ ಚುಕ್ಕೆಗಳು ಹರಿದಾಡಿದರೆ ನುಸಿ, ಸುಮ್ಮನೆ ಬಿದ್ದಿದ್ದರೆ ಧೂಳು. ಥ್ರಿಪ್ಸ್ ನುಸಿಯಾದರೆ ಎಲೆ ಮೇಲ್ಮುಖವಾಗಿ, ಮೈಟ್ ನುಸಿಯಾದರೆ ಕೆಳಮುಖವಾಗಿ ಮುದುಡುತ್ತದೆ. ರೈತರು ಮುಟುರು ಎನ್ನುವುದು ಇದನ್ನೇ. ನಿಮ್ಮ ಫೋಟೊದಲ್ಲಿ ಒಂದೆಲೆಯೂ ಮುದುಡಿಲ್ಲ. ಹಾಳೆಯ ಮೇಲೆ ಏನೂ ಹರಿದಾಡದಿದ್ದರೆ ಬೇವಿನೆಣ್ಣೆ ಬೇಡವೇ ಬೇಡ. ಎಣ್ಣೆ ಸವರಿದ ಎಲೆಯನ್ನು ಬಿಸಿಲಿಗಿಟ್ಟರೆ ಸುಟ್ಟದ್ದೇ ಮತ್ತೆ ಸುಡುತ್ತದೆ.

ಬಿಳಿಚಿದ ಮಚ್ಚೆ ಮತ್ತೆ ಹಸಿರಾಗುವುದಿಲ್ಲ. ಹಾಗೆಂದು ಆ ಎಲೆಗಳನ್ನು ಚಿವುಟಬೇಡಿ, ಉಳಿದ ಹಸಿರು ಸಸಿಗೆ ಅನ್ನ ಹಾಕುತ್ತಿದೆ. ಹೊಸದಾಗಿ ಬರುವ ಎಲೆಗಳ ಮೇಲೆ ಕಣ್ಣಿಡಿ. ಅವು ಸರಿಯಾಗಿದ್ದರೆ ಸಸಿಯೂ ಸರಿಯಾಗಿದೆ. ಎರಡು ಮೂರು ದಿನ ಒಳಗೇ ಇಟ್ಟುಕೊಂಡು, ಆಮೇಲೆ ಬೆಳಗಿನ ಎಳೆಬಿಸಿಲಿಗೆ ಒಂದು ತಾಸು ಮಾತ್ರ ಹೊರಗಿಡಿ. ವಾರ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಹೊತ್ತು ಹೆಚ್ಚಿಸಿ. ಶೇಡ್‌ನೆಟ್ ಇಲ್ಲದಿದ್ದರೆ ಹಳೆಯ ಕಾಟನ್ ಸೀರೆಯೂ ಆದೀತು. ಮಳೆ ಹಿಡಿಯುವ ಹೊತ್ತಿಗೆ ಸಸಿ ಕುಂಡಕ್ಕೆ ಸಿದ್ಧವಾಗಿರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ, ಆಯಾ ಸೀಮೆಯ ಬೆಳೆಗಷ್ಟೇ ಸಲ್ಲುವ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ನವನಗರದ ಕುಂಡದ ಕಾಯಿಗೆ ಆ ಪಟ್ಟ ಸಿಗಲಾರದು, ಆದರೆ ಸಾರಿನ ಬಣ್ಣಕ್ಕೇನೂ ಕೊರತೆಯಾಗದು.

ಪ್ರಶ್ನೆ: ಎರೆಮಣ್ಣಿನ ಕುಂಡದಲ್ಲಿರುವ ಗುಲಾಬಿಯ ಚಿಗುರೆಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿವೆ. ತುಕ್ಕು ಹಿಡಿದ ಮೊಳೆ ಹೂಳಿದರೆ ಸರಿಹೋಗುತ್ತದೆಯೇ?
— ಓದುಗರು, ಗದಗ

ಉತ್ತರ: ಕಬ್ಬಿಣದ ಕೊರತೆ ಎಂದು ನೀವು ಊಹಿಸಿದ್ದು ಸರಿ, ಮದ್ದು ಸರಿಯಲ್ಲ. ಸುಣ್ಣದ ಅಂಶ ಹೆಚ್ಚಿರುವ ಎರೆಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಗಡಸು ಬೋರ್‌ವೆಲ್ ನೀರು ಹಾಕುತ್ತಿದ್ದರೆ ಇನ್ನೂ ಕಷ್ಟ. ಮೊಳೆಯ ಗತಿಯೂ ಅಷ್ಟೇ. ಚೀಲೇಟೆಡ್ ಕಬ್ಬಿಣವನ್ನು, ಅಂದರೆ ಗಿಡಕ್ಕೆ ದಕ್ಕುವ ರೂಪದಲ್ಲಿರುವ ಕಬ್ಬಿಣವನ್ನು, ಪೊಟ್ಟಣದ ಮೇಲೆ ಬರೆದ ಪ್ರಮಾಣದಲ್ಲಿ ಸಂಜೆ ಎಲೆಗೆ ಸಿಂಪಡಿಸಿ. ಮುಂದಿನ ಸಲ ಕುಂಡ ಬದಲಿಸುವಾಗ ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ.